ಸೆವೆರೊನ ಕಚ್ಚಾ ಹೊಲಿಗೆ

ಇಲೊಯಿಲೊ, ಫಿಲಿಪ್ಪೀನ್ಸ್
9 ಫೆಬ್ರವರಿ 2025

ನಾನಾ, ನಿಮ್ಮ ಮೊಮ್ಮಗಳು ಜಾಸ್ಮಿನಳ ಸಲಾಂ.

ಫೋನಿನಲ್ಲಿ ನಾನು ಎಷ್ಟು ಒದರಿದರೂ ನಿಮಗೆ ಕೇಳಿಸುವುದಿಲ್ಲ. "ಊಟಾ ಆತೇನು?" ಎಂದು ಕೇಳಿ ಇಟ್ಟುಬಿಡುತ್ತೀರಿ. ಅದಕ್ಕೇ ಈ ಪತ್ರ. ಇದರ ಫೋಟೊವನ್ನು ನಮ್ಮ ಓಣಿಯ ನಜಮಾ ಖಾಲಾನ ಮೊಬೈಲಿಗೆ ಕಳಿಸಿದ್ದೇನೆ. ಆಕೆ ಜತ್ತದ ಪೇಟೆಗೆ ಹೋದಾಗ ಝೆರಾಕ್ಸ್ ಅಂಗಡಿಯಲ್ಲಿ ಕಾಗದದ ಮೇಲೆ ತೆಗೆಸಿ ತರುತ್ತಾಳೆ. ನೀವೂ ಬರೆದು ಆಕೆಯ ಕೈಗೆ ಕೊಡಿರಿ, ಫೋಟೊ ಹೊಡೆದು ನನಗೆ ಕಳಿಸುತ್ತಾಳೆ.

ಡಾಕ್ಟರಿಕೆ ಓದು ಮೂರನೆಯ ವರ್ಷಕ್ಕೆ ಬಂತು. ಹಾಸ್ಟೆಲ್ ಬಿಟ್ಟು ಲೋಲಾ ಪುರಿಂಗ್ ಎಂಬವರ ಮನೆಯ ಮೇಲಿನ ಕೋಣೆಯಲ್ಲಿದ್ದೇನೆ. ಲೋಲಾ ಎಂದರೆ ಇಲ್ಲಿ ಅಜ್ಜಿ. ಎಂಬತ್ನಾಲ್ಕು ವಯಸ್ಸು, ಒಬ್ಬರೇ. ನನ್ನ ಹಲಾಲ್ ಪಾತ್ರೆಯನ್ನು ನನಗಿಂತ ಅವರೇ ಹೆಚ್ಚು ಕಾಯುತ್ತಾರೆ. ನಾವು ಮಾತಾಡುವುದು ಇಂಗ್ಲಿಷಿನಲ್ಲಿ, ಆದರೆ ಇಲ್ಲಿಯವರ ಮಾತನ್ನು ನಿಮಗೆ ನಮ್ಮ ಊರ ಮಾತಿನಲ್ಲೇ ಬರೆಯುತ್ತೇನೆ.

ಹೋದ ರವಿವಾರ ಅವರ ಹುಟ್ಟೂರಿಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಹಳೆಯ ಕಾಲದ ಒಂದು ನಾಟಕ ನೋಡಿದೆ. ಸ್ಪೇನಿನವರು ಈ ದೇಶವನ್ನು ಮುನ್ನೂರಕ್ಕೂ ಹೆಚ್ಚು ವರ್ಷ ಆಳಿದರಂತೆ, ಆವಾಗಿನ ಆಟ. ಒಂದು ಕಡೆ ಕ್ರೈಸ್ತ ರಾಜ, ಇನ್ನೊಂದು ಕಡೆ ಮುಸಲ್ಮಾನ ರಾಜ. ಪ್ರತಿ ಸಲ ನಮ್ಮವನೇ ಸೋಲಬೇಕು! ನನ್ನ ಮುಖ ನೋಡಿ ಲೋಲಾ ಕಿವಿಯಲ್ಲಿ ಹೇಳಿದರು: "ಬ್ಯಾಸರಾ ಮಾಡ್ಕೋಬ್ಯಾಡ. ಆಡಾವ್ರು ನಾವು, ಆಡಸಾವ್ರು ಬ್ಯಾರೇದಾವ್ರು." ಆದರೆ ಸೋಲುವ ರಾಜನ ಡ್ರೆಸ್ಸೇ ಎಲ್ಲರಿಗಿಂತ ಚಂದ ಇತ್ತು. ನಾಟಕದ ಡ್ರೆಸ್ ಹೊಲಿಯುವ ನಿಮ್ಮ ನೆನಪಾಯಿತು.

ಈಗ ಒಂದು ಕೆಲಸ. ಲೋಲಾನ ಟ್ರಂಕಿನಲ್ಲಿ ಒಂದು ಹಳೆಯ ಲಂಗ ಇದೆ. ಒಳಗೆ ಹೊರಗೆ ಸೇರಿ ನಾಲ್ಕು ಫೋಟೊ ಕಳಿಸಿದ್ದೇನೆ. ಹೊಲಿದ ಕೈ ಎಂಥದ್ದು ಎಂದು ನೋಡಿ ಹೇಳಿರಿ. ಇದಕ್ಕಿಂತ ಹೆಚ್ಚು ಕೇಳಬೇಡಿರಿ, ಹೇಳುವುದಿಲ್ಲ.

ನಿಮ್ಮ ಜಾಸ್ಮಿನ


ಯಳವಿ
17 ಫೆಬ್ರವರಿ 2025

ಬೇಟಿ ಜಾಸ್ಮಿನಳಿಗೆ ನಾನಾ ಸರದಾರನ ದುವಾ.

ಏಳನೇ ಇಯತ್ತೆ ತನಕ ಕನ್ನಡ ಸಾಲಿ ಕಲಿತವನು ನಾನು. ಪುಸ್ತಕದ ಕನ್ನಡದಲ್ಲೇ ಬರೆಯಬೇಕೆಂದು ಕೂತಿದ್ದೇನೆ. ಸಿಟ್ಟು ಬಂದರೆ ಮನೆಯ ಮಾತು ಬಂದುಬಿಡುತ್ತದೆ, ನಡೆಸಿಕೋ.

ಸೋಲುವ ರಾಜನಿಗೆ ಚಲೋ ಡ್ರೆಸ್ ಹೊಲಿಯುವುದು ನಮ್ಮ ಕಡೆಯೂ ಉಂಟು. ದರಿಬಡಚಿಯ ನಾಟಕದ ಮಾಸ್ತರ ಶಿವಯೋಗೆಪ್ಪ ಪ್ರತಿ ಸಲ ನನಗೆ ಹೇಳುತ್ತಾನೆ: "ಸರದಾರ, ಅಂವ ಹ್ಯಾಂಗೂ ಸಾಯಾಂವ. ಜರಿ ಉಟ್ಕೊಂಡರೆ ಸಾಯ್ಲಿ." ನಲವತ್ತು ವರ್ಷ ಈ ತಾಲೂಕಿನ ನಾಟಕಗಳಿಗೆ ಡ್ರೆಸ್ ಹೊಲಿದಿದ್ದೇನೆ. ಎಷ್ಟು ರಾಜರನ್ನು ಜರಿಯಲ್ಲಿ ಸಾಯಿಸಿದ್ದೇನೋ ಲೆಕ್ಕವಿಲ್ಲ.

ಇನ್ನು ನಿನ್ನ ಲಂಗ. ಝೆರಾಕ್ಸ್ ಕಾಗದಗಳನ್ನು ಬಿಸಿಲಿಗೆ ಹಿಡಿದು ನೋಡಿದೆ. ಮೇಲಿನ ಕೆಲಸ ಚಲೋ. ಲಂಗದ ಘೇರು ಸುತ್ತಲೂ ಸಮ ಬಿದ್ದಿದೆ, ಅಂಚು ನೆಟ್ಟಗಿದೆ. ಒಳಗೆ ನೋಡಿದೆ, ತಲೆ ತಿರುಗಿತು. ಒಳಪದರದ ಅಸ್ತರು ಬಟ್ಟೆಯನ್ನು ಬರೀ ಕಚ್ಚಾ ಹೊಲಿಗೆಯಲ್ಲಿ ಬಿಟ್ಟಿದ್ದಾನೆ! ಬಟ್ಟೆ ಸರಿಯಬಾರದೆಂದು ಮೊದಲು ಉದ್ದುದ್ದ ಹಾಕಿ, ಪಕ್ಕಾ ಹೊಲಿದ ಮೇಲೆ ಎಳೆದು ತೆಗೆಯುವ ಹೊಲಿಗೆ ಅದು. ಇವನು ಅದನ್ನು ಹಾಕಿ ಎದ್ದು ಹೋಗಿದ್ದಾನೆ.

ಮೈಗಳ್ಳ ನೋಡವ್ವ ಇಂವ, ಪಕ್ಕಾ ಮೈಗಳ್ಳ! ಮ್ಯಾಲ ಚಂದ ಮಾಡಿ ಒಳಗ ಮೋಸಾ ಮಾಡ್ಯಾನ. ಇಂಥಾವನ್ನ ನಮ್ಮ ಅಂಗಡಿ ಕಟ್ಟಿ ಹತ್ತಗೊಡಂಗಿಲ್ಲ ನಾ. ನಿಮ್ಮ ಲೋಲಾಗ ಹೇಳು, ಅವಂಗೇನರೆ ಮಜೂರಿ ಕೊಟ್ಟಿದ್ರ ನೀರಾಗ ಹಾಕಿದಂಗಾತು ಅಂತ.

ಚಲೋ ಓದು. ಒಣಮೀನು ತಿಂದು ಹೊಟ್ಟೆ ಕೆಡಿಸಿಕೊಳ್ಳಬೇಡ.

ನಾನಾ


ಇಲೊಯಿಲೊ
21 ಫೆಬ್ರವರಿ 2025

ನಾನಾ,

ನಿಮ್ಮ ಪತ್ರ ಬಂದ ಕೂಡಲೇ ಲೋಲಾ ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು. "ಒಂದ ಅಕ್ಷರಾನೂ ಬಿಡಬ್ಯಾಡ, ಓದು," ಎಂದರು. ಓದಿದೆ. ಮೈಗಳ್ಳ ಎಂಬುದಕ್ಕೂ ಇಂಗ್ಲಿಷ್ ಹುಡುಕಿ ಹೇಳಿದೆ. ಅವರು ಎದ್ದು ಲಂಗವನ್ನು ಮಡಚಿ ಟ್ರಂಕಿನ ತಳಕ್ಕೆ ಇಟ್ಟರು.

ಆ ಲಂಗ ಹೊಲಿದ ಸೆವೆರೊ ಲೋಲಾನ ಅಜ್ಜ. ಅದು ನಾಟಕದ ಲಂಗ. ನಿಮ್ಮಿಂದ ಇದನ್ನು ಮುಚ್ಚಿಟ್ಟದ್ದು ಲೋಲಾ ಹೇಳಿದ್ದಕ್ಕೆ. "ಕತಿ ಕೇಳಿದಾವ್ರೆಲ್ಲಾ ಊರಾವ್ರ ಮಾತನ್ನ ಹೇಳ್ತಾರ. ಕತಿ ಗೊತ್ತಿರಲಾರದ ಒಬ್ಬ ದರ್ಜಿ ಬೇಕು ನನಗ," ಎಂದಿದ್ದರು. ಈಗ ಮುಚ್ಚಿಡಲು ಏನೂ ಉಳಿದಿಲ್ಲ, ಕೇಳಿರಿ.

ಸ್ಪೇನಿನವರು ಹೋದ ಮೇಲೆ ಇವರಿಗೆ ಸ್ವಾತಂತ್ರ್ಯ ಸಿಗಬೇಕಿತ್ತು. ಸಿಕ್ಕಿದ್ದು ಅಮೆರಿಕದವರು. ಸಾಲೆ ತೆರೆದರು, ಇಂಗ್ಲಿಷ್ ಕಲಿಸಿದರು, ಬಂದೂಕು ಕೆಳಗಿಡಲಿಲ್ಲ. ಆಗ ಇಲ್ಲಿ ಬರೆಯುವವರು ತಮ್ಮ ತಮ್ಮ ಮಾತಿನಲ್ಲಿ ನಾಟಕ ಬರೆದರು. ನೋಡಲಿಕ್ಕೆ ಪ್ರೀತಿಯ ಕತೆ. ಆದರೆ ನಾಯಕಿ ಎಂದರೆ ದೇಶ, ಆಕೆಯನ್ನು ಹೊತ್ತೊಯ್ಯುವವನು ಪರದೇಶದವನು. ಕೂತವರಿಗೆ ಎಲ್ಲ ತಿಳಿಯುತ್ತಿತ್ತು. ಪೊಲೀಸರಿಗೂ ತಿಳಿಯತೊಡಗಿದಾಗ ಬರೆದವರು, ಆಡಿದವರು ಜೇಲಿಗೆ ಹೋದರು. 1907ರಲ್ಲಿ ಇವರ ಬಾವುಟವನ್ನು ಎಲ್ಲೂ ತೋರಿಸಬಾರದೆಂದು ಕಾಯ್ದೆಯೇ ಬಂತು.

ಮರುವರ್ಷ ಲೋಲಾನ ಊರಿನವರು ಒಂದು ನಾಟಕ ಕಟ್ಟಿದರು. ಕೊನೆಯ ಅಂಕದಲ್ಲಿ ನಾಯಕಿ ಸೊಂಟದ ದಾರ ಎಳೆಯಬೇಕು, ಲಂಗ ಬಿಚ್ಚಿ ಒಳಗಿನ ಬಾವುಟ ಕಾಣಬೇಕು. ಹೊಲಿಯಲು ಸೆವೆರೊನಿಗೆ ಕೊಟ್ಟರು. ಆ ದಿನ ಪೊಲೀಸರು ಮುಂದಿನ ಸಾಲಿನಲ್ಲೇ ಕೂತಿದ್ದರು. ನಾಯಕಿ ಸೊಂಟಕ್ಕೆ ಕೈ ಹಾಕಿದಳು, ಹುಡುಕಿದಳು, ಮತ್ತೆ ಹುಡುಕಿದಳು. ದಾರವೇ ಇಲ್ಲ. ಹಿಂದಿನವರು ನಕ್ಕರು, ಪರದೆ ಬಿತ್ತು. ಸೆವೆರೊ ಅಂದು ನಾಟಕಕ್ಕೇ ಬಂದಿರಲಿಲ್ಲ. ದರ್ಜಿ ಹೆದರಿ ಬಾವುಟ ಹೊಲಿಯಲೇ ಇಲ್ಲ ಎಂದು ಊರೇ ಆಡಿಕೊಂಡಿತು. ಅವನು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. 1916ರಲ್ಲಿ ತೀರಿಕೊಂಡ. ದರ್ಜಿಗೆ ನೂಲು ಕಡಿಮೆ ಬಿತ್ತೆಂದು ಹಂಗಿಸಿ ಇವತ್ತಿಗೂ ಇವರ ಮನೆಗೆ ಆ ಊರಿನಲ್ಲಿ "ನೂಲು ಸಾಲದವರ ಮನೆ" ಎನ್ನುತ್ತಾರೆ.

ಬರುವ ಜೂನ್ 12, ಇವರ ಸ್ವಾತಂತ್ರ್ಯ ದಿನ, ಅದೇ ನಾಟಕವನ್ನು ಮತ್ತೆ ಆಡುತ್ತಾರೆ. ಆಟದ ಜೊತೆಗೆ ಅದರ ಇತಿಹಾಸವನ್ನೂ ಹೇಳುತ್ತಾರೆ. ಹೆದರಿದ ದರ್ಜಿಯ ಕತೆಯನ್ನು ಮೈಕಿನಲ್ಲಿ ಹೇಳಿದರೆ ಲೋಲಾ ಮೊದಲ ಸಾಲಿನಲ್ಲಿ ಕೂತು ಕೇಳಬೇಕು. ಅದಕ್ಕೆ ಮುಂಚೆ ನಿಜ ಏನೆಂದು ತಿಳಿಯಬೇಕಿತ್ತು ಅವರಿಗೆ.

ನೀವು ಬರೆದದ್ದು ಸರಿಯೇ ಇರಬಹುದು. ಆದರೆ ನಾಲ್ಕು ಮಾತು ಬರೆಯುವ ಕಡೆ ಒಂದು ಬರೆದಿದ್ದರೆ ಸಾಕಿತ್ತಲ್ಲ ನಾನಾ. ಅಂಗಡಿ ಕಟ್ಟೆ ಹತ್ತಗೊಡುವುದಿಲ್ಲ ಎನ್ನುವ ತನಕ ಹೋಗಬೇಕಿತ್ತೇ?

ಜಾಸ್ಮಿನ


ಇಲೊಯಿಲೊ
19 ಮಾರ್ಚ್ 2025

ನಾನಾ, ಸಲಾಂ.

ತಿಂಗಳಾಗುತ್ತ ಬಂತು, ನಿಮ್ಮಿಂದ ಒಂದು ಸಾಲಿಲ್ಲ. ಸಿಟ್ಟಾಗಿದ್ದೀರಿ. ತಪ್ಪು ನನ್ನದು. ಕತೆ ಮುಚ್ಚಿಟ್ಟು ತೀರ್ಪು ಕೇಳಿದ್ದು ನಾನು, ಬೈದದ್ದು ನಿಮ್ಮನ್ನು. ಮಾಫ್ ಮಾಡಿರಿ.

ಇಲ್ಲಿ ರಂಜಾನಿನ ರೋಜಾ ಚೆನ್ನಾಗಿ ನಡೆದಿದೆ. ಸಂಜೆ ಲೋಲಾ ನನಗಾಗಿ ಬಾಳೆಹಣ್ಣು ಕರಿದು ಇಟ್ಟಿರುತ್ತಾರೆ, ಆದರೆ ಜೊತೆಗೆ ಕೂಡುವುದಿಲ್ಲ. ಜೂನ್ 12ಕ್ಕೆ ಊರಿಗೆ ಹೋಗುವುದಿಲ್ಲ ಎಂದಿದ್ದಾರೆ.

ಒಂದು ಸಾಲು ಬರೆಯಿರಿ. ಬೈದೇ ಬರೆಯಿರಿ, ನಡೆಯುತ್ತದೆ.

ಜಾಸ್ಮಿನ


ಯಳವಿ
4 ಏಪ್ರಿಲ್ 2025

ಬೇಟಿ ಜಾಸ್ಮಿನ,

ಈದ್ ಮುಗಿಯಿತು. ಮೂವತ್ತು ದಿನ ಮಿಶನ್ನಿನಿಂದ ಕಾಲು ತೆಗೆದಿಲ್ಲ, ಊರಿನವರ ಕುರ್ತಾ ಪೈಜಾಮಾ ಹೊಲಿದು ಬೆನ್ನು ಬಿದ್ದುಹೋಯಿತು. ಬರೆಯದೆ ಇದ್ದದ್ದಕ್ಕೆ ಇದೇ ಕಾರಣ ಎಂದು ಬರೆಯಬೇಕೆಂದಿದ್ದೆ. ಅದು ಅರ್ಧ ಸುಳ್ಳು. ನಿಜ ಎಂದರೆ ನಾಚಿಕೆಯಾಗಿತ್ತು. ಇಫ್ತಾರಿಗೆ ಬಂದವರಿಗೆಲ್ಲ ಆ ಮೈಗಳ್ಳ ದರ್ಜಿಯ ಸುದ್ದಿ ಹೇಳಿ ನಗಿಸಿದ್ದೆ ನಾನು. ನಿನ್ನ ಪತ್ರ ನಜಮಾ ತಂದುಕೊಟ್ಟಾಗಲೂ ಬಾಯಿ ತುಂಬ ಅದೇ ಮಾತಿತ್ತು. ಓದಿದ ಮೇಲೆ ಕೈಯಲ್ಲಿದ್ದ ಖಜೂರವನ್ನು ತಟ್ಟೆಗೆ ವಾಪಸು ಇಟ್ಟೆ.

ನಾಟಕದ ಲಂಗ ಎಂದು ನೀನು ಮೊದಲೇ ಒಂದು ಮಾತು ಹೇಳಿದ್ದರೆ! ಇರಲಿ. ಕಣ್ಣು ನನ್ನದು, ತಪ್ಪೂ ನನ್ನದು.

ಈದ್ ಹಬ್ಬದ ಮರುದಿನ ನಜಮಾಳ ಮೊಬೈಲ್ ಇಸಿದುಕೊಂಡು ಫೋಟೊಗಳನ್ನು ಬಣ್ಣದಲ್ಲಿ ನೋಡಿದೆ. ಝೆರಾಕ್ಸಿನಲ್ಲಿ ಕರಿ ಮಸಿ ಬಿಟ್ಟರೆ ಏನೂ ಕಂಡಿರಲಿಲ್ಲ. ನೋಡಿದವನೇ ಬಸ್ ಹತ್ತಿ ದರಿಬಡಚಿಗೆ ಹೋದೆ. ಶಿವಯೋಗೆಪ್ಪನ ಮನೆಯಲ್ಲಿ ನಾನೇ ಹೊಲಿದ ಹಳೆಯ ಡ್ರೆಸ್ಸುಗಳಿವೆ. ಭಿಕ್ಷುಕ ಅರಸನಾಗುವ ಪ್ರವೇಶಕ್ಕೆ ಹೊಲಿದ ಕಂಬಳಿ ಇದೆ, ದಾರ ಎಳೆದರೆ ಕಂಬಳಿ ಬಿದ್ದು ಒಳಗಿನ ರೇಶ್ಮೆ ಕಾಣುವಂಥದ್ದು. ಅದನ್ನು ಒಳಮಗ್ಗುಲು ತಿರುಗಿಸಿ ಮೊಬೈಲಿನ ಪಕ್ಕ ಇಟ್ಟೆ. ಶಿವಯೋಗೆಪ್ಪ ಬಗ್ಗಿ ನೋಡಿ ಅಂದ: "ಸರದಾರ, ಇದು ನಿಂದ ಕೈ ಅಲ್ಲೇನೊ?"

ಹೌದು ಬೇಟಿ. ನನ್ನ ಕೈಯೇ. ನಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು, ಎಲ್ಲೋ ಸಮುದ್ರದ ಆಚೆ.

ಈಗ ಚಿತ್ತಗೊಟ್ಟು ಓದು. ಆ ಕಚ್ಚಾ ಹೊಲಿಗೆ ಮೈಗಳ್ಳತನದ್ದಲ್ಲ. ಲಂಗದ ಸುತ್ತಲೂ ಒಂದೇ ದಾರ ಓಡಿದೆ, ನಡುವೆ ಗಂಟಿಲ್ಲ. ಅದು ಎಳೆಯಲೆಂದೇ ಹಾಕಿದ ದಾರ. ಅದರ ತುದಿಯ ಕುಣಿಕೆ ಸೊಂಟಪಟ್ಟಿಯ ಮಡಿಕೆಯೊಳಗಿದೆ, ಎಡಗಡೆ. ಎಡಗಡೆ ಯಾಕಿಟ್ಟ? ದರ್ಜಿ ಸುಮ್ಮನೆ ಹಾಗೆ ಮಾಡುವುದಿಲ್ಲ. ಇನ್ನೊಂದು ನೋಡು. ಸೊಂಟವನ್ನು ಎರಡು ಬೆರಳಿನಷ್ಟು ಒಳಗೆ ಹಿಡಿದಿದ್ದಾರೆ, ಬೇರೆ ಬಣ್ಣದ ದಾರದಲ್ಲಿ, ಬೇರೆ ಕೈಯಲ್ಲಿ, ಗಡಿಬಿಡಿಯಲ್ಲಿ. ಸೆವೆರೊ ಅಳತೆ ತೆಗೆದದ್ದು ಒಬ್ಬಳಿಗೆ, ಉಟ್ಟವಳು ಇನ್ನೊಬ್ಬಳು.

ಎಲ್ಲಕ್ಕಿಂತ ದೊಡ್ಡ ಮಾತು ಈಗ. ಆ ದಾರ ಇನ್ನೂ ಇದ್ದಲ್ಲೇ ಇದೆ. ಯಾರೂ ಎಳೆದಿಲ್ಲ. ಹಾಗಾದರೆ ಸೆವೆರೊ ಒಳಗೆ ಇಟ್ಟದ್ದು ಒಳಗೇ ಇದೆ.

ಲೋಲಾರಿಗೆ ಮೂರು ಮಾತು ಕೇಳು. ಮೊದಲು ನಾಯಕಿಯಾಗಬೇಕಿದ್ದವಳು ಯಾರು, ಆಕೆ ಎಡಚಿಯೇ? ಸೆವೆರೊ ಅಂದು ಎಲ್ಲಿದ್ದ? ಮೂರನೆಯದು ಕೇಳುವುದಲ್ಲ, ಮಾಡುವುದು. ಲಂಗವನ್ನು ಮೇಜಿನ ಮೇಲೆ ಹಾಸಿ, ಅಂಗೈ ಚಪ್ಪಟೆ ಇಟ್ಟು ಸಾವಕಾಶ ಸವರಲಿ. ಎಷ್ಟು ಪದರ ಹತ್ತುತ್ತವೆ ಎಂದು ಹೇಳಲಿ.

ದಾರಕ್ಕ ಮಾತ್ರ ಕೈ ಹಚ್ಚಬ್ಯಾಡ್ರಿ! ನನ್ನ ಪತ್ರ ಬರೂ ತನಕ ಯಾರೂ ಎಳೀಬ್ಯಾಡ್ರಿ, ನಿಮ್ಮ ಕಾಲಿಗಿ ಬೀಳ್ತೀನಿ.

ನಾನಾ


ಇಲೊಯಿಲೊ
11 ಏಪ್ರಿಲ್ 2025

ನಾನಾ, ನಾನಾ, ನಾನಾ!

ಮೊದಲು ಮೂರನೆಯದನ್ನೇ ಹೇಳುತ್ತೇನೆ.

ಅಡುಗೆಮನೆಯ ಮೇಜು ಒರೆಸಿ ಲಂಗ ಹಾಸಿದೆವು. ಲೋಲಾ ಕೈ ಇಡಲು ಒಪ್ಪಲಿಲ್ಲ. "ನೀನ ಮುಟ್ಟು, ನನಗ ಧೈರ್ಯಾ ಸಾಲೂದಿಲ್ಲ," ಎಂದರು. ಅವರ ಅಂಗೈ ಹಿಡಿದು ನಾನೇ ಬಟ್ಟೆಯ ಮೇಲೆ ಇಟ್ಟೆ. ಎರಡು ಪದರ ಅಲ್ಲ, ನಾಲ್ಕು. ಸವರುತ್ತ ಸವರುತ್ತ ಮುಂದಿನ ಮಡಿಕೆಗೆ ಬಂದಾಗ ಅವರ ಬೆರಳು ನಿಂತಿತು. ಅಲ್ಲಿ ಗಡುಸಾಗಿ ಏನೋ ಉಬ್ಬಿತ್ತು, ಕಸೂತಿಯ ಹಾಗೆ. ದುಂಡಗೆ. ಅದರ ಸುತ್ತಲೂ ಗೆರೆಗಳು. ಲೋಲಾ ಕಣ್ಣು ಮುಚ್ಚಿ ಒಂದೊಂದೇ ಗೆರೆಯನ್ನು ಬೆರಳಿನಲ್ಲಿ ಎಣಿಸಿದರು. ಎಂಟು.

ಇವರ ಬಾವುಟದಲ್ಲಿ ಒಬ್ಬ ಸೂರ್ಯನಿದ್ದಾನೆ ನಾನಾ. ಅವನಿಗೆ ಎಂಟು ಕಿರಣ.

ಲೋಲಾ ಅತ್ತರು. ಆ ವಯಸ್ಸಿನವರು ಹಾಗೆ ಅಳುವುದನ್ನು ನಾನು ಆಸ್ಪತ್ರೆಯಲ್ಲೂ ನೋಡಿಲ್ಲ. ಅಳುತ್ತಲೇ, "ಹೊಲದಿದ್ದ, ಹೊಲದಿದ್ದ ನನ್ನಜ್ಜ," ಎನ್ನುತ್ತಿದ್ದರು. ನಾನೂ ಅತ್ತೆ.

ಎರಡನೆಯ ಮಾತು. ಸೆವೆರೊ ಮನೆಯಲ್ಲೇ ಇದ್ದ. ಅದೇ ಸಂಜೆ ಅವನ ಹೆಂಡತಿ ಹೆತ್ತಳು, ಮಗು ಅಡ್ಡ ತಿರುಗಿತ್ತಂತೆ. ಬದುಕಿದ ಆ ಮಗುವೇ ಲೋಲಾನ ಅಪ್ಪ. ಮನೆಯವರಿಗೆಲ್ಲ ಇದು ಗೊತ್ತಿತ್ತು. ಹೇಳಿದರೆ ನೆವ ಎನ್ನುತ್ತಿದ್ದರಂತೆ ಊರಿನವರು.

ಮೊದಲನೆಯದಕ್ಕಾಗಿ ಮರುದಿನವೇ ಊರಿಗೆ ಹೋದೆವು. ನಾಯಕಿಯ ಪಾತ್ರ ಬಾಸಿಲಿಯಾ ಎಂಬವಳದು. ಆಕೆಗೆ ಅಂದು ಜ್ವರ ಬಂದು, ಹೊತ್ತು ಮುಳುಗುವಾಗ ತಂಗಿ ಇನೆಸಳಿಗೆ ಲಂಗ ಉಡಿಸಿ ನಿಲ್ಲಿಸಿದರು. ಇನೆಸಳ ಮೊಮ್ಮಗಳು ಈಗ ಅಲ್ಲಿ ಮೀನು ಮಾರುತ್ತಾಳೆ. ನೂಲು ಸಾಲದವರ ಮನೆಯ ಲೋಲಾ ತನ್ನ ಅಂಗಡಿಗೆ ಬಂದದ್ದು ನೋಡಿ ಮೊದಲು ಮುಖ ತಿರುಗಿಸಿದಳು. ಬಾಸಿಲಿಯಾ ಎಡಚಿಯೇ ಎಂದು ಕೇಳಿದ್ದಕ್ಕೆ ತಕ್ಷಣ ಹೇಳಿದಳು: "ಹೌದಲ್ಲ. ಸಾಲ್ಯಾಗ ಎಡಗೈ ಬೆಂಚಿಗಿ ಕಟ್ಟಿ ಬಲಗೈಲೆ ಬರಸ್ತಿದ್ರಂತ ಅಕೀಗಿ." ಆಮೇಲೆ ಇನ್ನೊಂದು ಹೇಳಿದಳು: "ನಮ್ಮಜ್ಜಿ ಸಾಯೂ ತನಕ ಅಂತಿದ್ದಳು, ನಾ ಹುಡಿಕೀನಿ, ಖರೇನ ಹುಡಿಕೀನಿ, ದಾರ ಇರಲಿಲ್ಲ ಅಂತ."

ಅವಳು ಹುಡುಕಿದ್ದು ಬಲಗಡೆ ನಾನಾ. ಎಡಗಡೆ ಎಂದು ಹೇಳಲು ಸೆವೆರೊ ಅಲ್ಲಿರಲಿಲ್ಲ, ಆಕೆಯೂ ಸುಳ್ಳು ಹೇಳಿರಲಿಲ್ಲ.

ಬರುವಾಗ ಜೀಪಿನಲ್ಲಿ ನಾನೇ ಕೇಳಿದೆ, ಸೆವೆರೊ ಯಾಕೆ ಸುಮ್ಮನಿದ್ದ ಎಂದು. ನಾಟಕ ಮುಗಿದ ಮೇಲೆ ಬಟ್ಟೆಗಳೆಲ್ಲ ದರ್ಜಿಯ ಮನೆಗೇ ವಾಪಸು ಬರುವುದು ಇಲ್ಲಿಯೂ ರೂಢಿ. ಬಾವುಟ ತನ್ನ ಮನೆಯಲ್ಲೇ ಇದೆ, ದಾರವೂ ಇದೆ ಎಂದು ಅವನಿಗೆ ಗೊತ್ತಿತ್ತು. ಲೋಲಾ ಹೇಳಿದರು: "ಆ ಬಾವುಟದ ಕಾಯ್ದೆ 1919ರ ತನಕಾ ಇತ್ತು. ಬಾಯಿ ಬಿಟ್ಟಿದ್ರ ಅವನ ಹೆಸರು ಉಳೀತಿತ್ತು, ಆ ಹುಡಿಗಿ ಇನೆಸ ಜೇಲಿಗಿ ಹೋಗ್ತಿದ್ಲು. ಕಾಯ್ದೆ ಹೋಗೂದ್ರಾಗ ಅಂವನ ಹೋಗಿದ್ದ."

ಈಗ ಹೇಳಿರಿ, ಬಿಚ್ಚುವುದು ಹೇಗೆ?

ನಿಮ್ಮ ಜಾಸ್ಮಿನ


ಯಳವಿ
19 ಏಪ್ರಿಲ್ 2025

ಬೇಟಿ ಜಾಸ್ಮಿನಳಿಗೂ, ಹಿರಿಯರಾದ ಲೋಲಾ ಪುರಿಂಗ್ ಅವರಿಗೂ ಸರದಾರನ ಸಲಾಂ.

ಲೋಲಾ ಅವರೇ, ನಿಮ್ಮ ಅಜ್ಜನಿಗೆ ನಾನು ಆಡಬಾರದ ಮಾತು ಆಡಿದೆ. ನಕ್ಕವರನ್ನೆಲ್ಲ ಒಬ್ಬೊಬ್ಬರನ್ನಾಗಿ ಅಂಗಡಿಗೆ ಕರೆದು ನಿಜ ಹೇಳಿದ್ದೇನೆ. ಶುಕ್ರವಾರ ನಮಾಜಿನ ನಂತರ ನಿಮ್ಮ ಅಜ್ಜನ ಹೆಸರು ಹಿಡಿದು ದುವಾ ಬೇಡಿದೆ. ಮೌಲಾನಾ ಯಾರಪ್ಪ ಈ ಸೆವೆರೊ ಎಂದರು. ನಮ್ಮ ಪೈಕಿಯವರೊಬ್ಬರು ಎಂದೆ.

ಜಾಸ್ಮಿನ, ಬಿಚ್ಚುವ ರೀತಿ ಹೇಳುತ್ತೇನೆ. ಆ ದಾರ ಎಳೆಯಬೇಡಿರಿ. ನೂರು ವರ್ಷ ದಾಟಿದ ನೂಲು, ಎಳೆದರೆ ತುಂಡಾಗುತ್ತದೆ, ಜೊತೆಗೆ ಬಟ್ಟೆಯನ್ನೂ ಸೀಳುತ್ತದೆ. ಸಣ್ಣ ಕತ್ತರಿಯಿಂದ ಪ್ರತಿ ಮೂರನೆಯ ಹೊಲಿಗೆ ಕತ್ತರಿಸು, ಆಮೇಲೆ ಚಿಮಟದಿಂದ ಒಂದೊಂದೇ ತುಂಡು ತೆಗಿ. ನೀನು ಮುಂದೆ ಮನುಷ್ಯರ ಹೊಟ್ಟೆ ಹೊಲಿಯುವವಳು, ನಿನಗೆ ಇದು ಬರಲೇಬೇಕು. ಇಸ್ತ್ರಿ ಹಾಕಬೇಡ. ಒಗೆಯಬೇಡ. ಇನೆಸಳ ಮೊಮ್ಮಗಳನ್ನು ಕರೆಯದೆ ಬಿಚ್ಚಬೇಡಿರಿ. ಅವರ ಮನೆಯೂ ಇಷ್ಟು ವರ್ಷ ಅದನ್ನೇ ಹೊತ್ತಿದೆ.

ಜೂನ್ 12ರ ಆಟಕ್ಕೆ ಹೊಸ ಲಂಗ ಬೇಕು. ಅಲ್ಲಿಯ ದರ್ಜಿಗೆ ತೋರಿಸಲು ನಾಲ್ಕು ಕಾಗದದ ಮೇಲೆ ಚಿತ್ರ ತೆಗೆದು ಕಳಿಸಿದ್ದೇನೆ. ಗಂಟಿಲ್ಲದ ದಾರ, ಮೇಣ ತಿಕ್ಕಿದ ದಾರ. ಕುಣಿಕೆ ಮಾತ್ರ ಎರಡೂ ಕಡೆ ಇಡಲಿ. ಅಕ್ಕ ಬರಲಿ, ತಂಗಿ ಬರಲಿ, ಕೈಗೆ ಸಿಗಬೇಕು.

ಲೋಲಾ ಅವರೇ, ನೀವು ಊರಿಗೆ ಹೋಗ್ರಿ. ಹೋಗಿ ಮುಂದಿನ ಸಾಲ್ಯಾಗ ಕುಂದ್ರಿ. ಇದು ನನ್ನ ಬೇಡಿಕೆ.

ಸರದಾರ


ಇಲೊಯಿಲೊ
13 ಜೂನ್ 2025

ನಾನಾ, ಸಲಾಂ.

ಬಿಚ್ಚಿದ್ದು ಮೇ ತಿಂಗಳಲ್ಲಿ. ಫೋಟೊ ನೋಡಿದ್ದೀರಿ, ನಜಮಾ ಖಾಲಾ ಹೇಳಿದಳು, ಎರಡು ದಿನ ಆಕೆಗೆ ಮೊಬೈಲ್ ವಾಪಸು ಕೊಡಲಿಲ್ಲವಂತೆ. ನೀಲಿ ಸ್ವಲ್ಪ ಮಂಕಾಗಿದೆ, ಕೆಂಪು ಹಾಗೇ ಇದೆ. ಇನೆಸಳ ಮೊಮ್ಮಗಳು ಒಂದು ತುದಿ ಹಿಡಿದಿದ್ದಳು, ಲೋಲಾ ಇನ್ನೊಂದು. ಆಮೇಲೆ ಮೀನಿನ ಬುಟ್ಟಿಯನ್ನೇ ಬಿಟ್ಟು ಹೋದಳು ಆಕೆ, ಹಣ ಕೊಟ್ಟರೆ ತೆಗೆದುಕೊಳ್ಳಲಿಲ್ಲ. ನಾಲ್ಕು ದಿನ ಮೀನೇ ತಿಂದೆವು.

ನಿನ್ನೆಯದನ್ನು ಹೇಳುತ್ತೇನೆ. ಊರಿನ ಮೈದಾನ ತುಂಬಿತ್ತು. ಲೋಲಾ ಬೆಳಿಗ್ಗೆಯಿಂದ ಮೂರು ಸಲ ಸೀರೆ, ಅಲ್ಲ, ಗೌನು ಬದಲಿಸಿದರು. ಮುಂದಿನ ಸಾಲಿನಲ್ಲಿ ಕೂತಾಗ ನನ್ನ ಕೈಯನ್ನು ಎಷ್ಟು ಬಿಗಿ ಹಿಡಿದಿದ್ದರೆಂದರೆ ಉಗುರು ನಾಟಿದ ಗುರುತು ಇನ್ನೂ ಇದೆ. ಇತಿಹಾಸ ಹೇಳುವ ಸಾಲಿ ಮಾಸ್ತರರು ಲೋಲಾನ ಮನೆಗೆ ಬಂದು ಲಂಗ, ಬಾವುಟ ಎರಡನ್ನೂ ನೋಡಿ ಹೋಗಿದ್ದರು. ಆದರೂ ಕಡೆಗೆ ಮೈಕಿನಲ್ಲಿ ಏನು ಹೇಳುತ್ತಾರೋ ಎಂದು ನನಗೂ ಪುಕುಪುಕು.

ಆಟ ನಡೆಯಿತು. ಕೊನೆಯ ಅಂಕದಲ್ಲಿ ಹುಡುಗಿ ನಿಂತಳು, ದಾರ ಎಳೆದಳು, ಲಂಗ ಒಂದೇ ಉಸಿರಿಗೆ ಬಿಚ್ಚಿಕೊಂಡಿತು. ಮೈದಾನವೆಲ್ಲ ಎದ್ದು ನಿಂತಿತು. ಲೋಲಾ ಮಾತ್ರ ಏಳಲಿಲ್ಲ. ಅವರು ಅದಕ್ಕಾಗಿ ಬಂದಿರಲಿಲ್ಲ.

ಗದ್ದಲ ಇಳಿದ ಮೇಲೆ ಮಾಸ್ತರರು ಮೈಕಿಗೆ ಬಂದು 1908ರಲ್ಲಿ ಏನಾಯಿತೆಂದು ಹೇಳಿದರು, ಎಡಗೈ ಬಲಗೈ ಸಹಿತ ಎಲ್ಲ. ಇಷ್ಟು ವರ್ಷ ಒಂದು ಮನೆಯವರನ್ನು ನೋಡಿ ನಕ್ಕಿದ್ದಕ್ಕೆ ಊರಿನ ಪರವಾಗಿ ಕ್ಷಮೆ ಕೇಳಿದರು. ಆಮೇಲೆ ಆ ಮೊದಲ ಆಟದವರ ಹೆಸರು ಓದತೊಡಗಿದರು. ಬರೆದವರು, ಆಡಿದವರು, ಹಾಡಿದವರು. ಆ ಪಟ್ಟಿಯಲ್ಲಿ ದರ್ಜಿಯ ಹೆಸರು ಎಂದೂ ಇರಲಿಲ್ಲ. ನಿನ್ನೆ ಕೊನೆಗೆ ಓದಿದರು: "ಉಡುಪು ಹೊಲಿದವರು, ಸೆವೆರೊ."

ಯಾರೂ ನಗಲಿಲ್ಲ ನಾನಾ. ಅಷ್ಟು ದೊಡ್ಡ ಮೈದಾನದಲ್ಲಿ ಒಬ್ಬರೂ ನಗಲಿಲ್ಲ.

ಲೋಲಾ ನನ್ನ ಕೈ ಬಿಟ್ಟು, ಕುರ್ಚಿಯ ಬೆನ್ನು ಹಿಡಿದು ಎದ್ದು ನಿಂತರು. ಮಾಸ್ತರರು ಕಾಗದ ಮಡಚುತ್ತಿದ್ದರು. ಎಂಬತ್ನಾಲ್ಕು ವರ್ಷದ ಆ ಗಂಟಲಿನಿಂದ ಅಂಥ ದನಿ ಹೊರಡುತ್ತದೆಂದು ನನಗೆ ಗೊತ್ತಿರಲಿಲ್ಲ.

"ಆ ಹೆಸರು ಇನ್ನೊಮ್ಮೆ ಕೂಗ್ರಿ," ಎಂದರು.

ಮಾಸ್ತರರು ಇನ್ನೊಮ್ಮೆ ಕೂಗಿದರು.

ನಿಮ್ಮ ಜಾಸ್ಮಿನ